ಅಮ್ಮ ಸಿಕ್ಕರು, ಅಜ್ಜಿ ದೂರವಾದರು

ನಾನು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಹೈಸ್ಕೂಲ್ ಮಕ್ಕಳ ಕೌನ್ಸೆಲರ್. ಹೊಂಡುರಾಸ್, ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ನಿಂದ ಬಂದ ಮಕ್ಕಳೇ ನನ್ನ ಹತ್ತಿರ ಜಾಸ್ತಿ.

ಮೊದಮೊದಲು ಫಾರ್ಮ್ ಕೊಟ್ಟೇ ಮಾತು ಶುರು ಮಾಡುತ್ತಿದ್ದೆ. ಖಿನ್ನತೆ ಅಳೆಯಲು ಪಿಎಚ್‌ಕ್ಯು-9 ಎಂಬ 9 ಪ್ರಶ್ನೆಯ ಪಟ್ಟಿ, ಬಾಲ್ಯದ ಕಷ್ಟ ತಿಳಿಯಲು ಎಸಿಇ ಎಂಬ 10 ಪ್ರಶ್ನೆಯ ಪಟ್ಟಿ. ಹೊಂಡುರಾಸ್‌ನ 15 ವರ್ಷದ ಹುಡುಗನೊಬ್ಬ ಎರಡನ್ನೂ ಐದೇ ನಿಮಿಷದಲ್ಲಿ ತುಂಬಿ ಕೊಟ್ಟ. ಪಿಎಚ್‌ಕ್ಯುನಲ್ಲಿ 27ಕ್ಕೆ 4. ಅಂದರೆ ಹೆಚ್ಚೇನೂ ತೊಂದರೆ ಇಲ್ಲ. ಆದರೆ ತರಗತಿಯಲ್ಲಿ ಮೇಜಿಗೆ ತಲೆ ಇಟ್ಟು ಮಲಗುತ್ತಿದ್ದ, ಊಟ ಮುಟ್ಟುತ್ತಿರಲಿಲ್ಲ. ಏನು ಕೇಳಿದರೂ 'ಎಸ್ತೊಯ್ ಬಿಯೆನ್', ಚೆನ್ನಾಗಿದ್ದೀನಿ.

ಮುಂದಿನ ವಾರ ಫಾರ್ಮ್ ತೆಗೆಯಲೇ ಇಲ್ಲ. 'ಊರಲ್ಲಿ ನಿನಗೆ ಊಟ ಬಡಿಸ್ತಿದ್ದಿದ್ದು ಯಾರು?' ಅಂದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಫೋನ್ ತೆಗೆದು ವಾಟ್ಸಾಪ್‌ನ ಒಂದು ವಾಯ್ಸ್ ಮೆಸೇಜ್ ಕೇಳಿಸಿದ. ಅಜ್ಜಿಯ ದನಿ, ಹಿಂದೆ ಕೋಳಿ ಕೂಗು. 'ಊಟ ಆಯ್ತಾ ಮಗನೇ?' ಅಷ್ಟೇ. ದಿನಾ ರಾತ್ರಿ ಅದನ್ನೇ ಕೇಳಿ ಮಲಗುತ್ತಾನಂತೆ.

ಅಮ್ಮ ಅಮೆರಿಕಕ್ಕೆ ಹೊರಟಾಗ ಅವನಿಗೆ 4 ವರ್ಷ. ಸಾಕಿದ್ದು ಅಜ್ಜಿ. ಈಗ ಅಮ್ಮನ ಮನೆ ಸೇರಿದ್ದಾನೆ. 'ಅಮ್ಮ ಸಿಕ್ಕರಲ್ಲ, ಇನ್ನೇನು ಬೇಕು' ಅನ್ನುತ್ತಾರೆ ಎಲ್ಲರೂ. ಆದರೆ ಅವನು ಕಳೆದುಕೊಂಡಿದ್ದು ಸಾಕಿದ ಕೈಯನ್ನು, ಅಲ್ವಾ? ಎಸಿಇ ಪಟ್ಟಿಯ ಬೇರು 1998ರಲ್ಲಿ ಪ್ರಕಟವಾದ ಸ್ಯಾನ್ ಡಿಯಾಗೋದ ಅಧ್ಯಯನದಲ್ಲಿದೆ. ಹೊಡೆತ, ಬೈಗುಳ, ಮನೆಯಲ್ಲಿ ಕುಡಿತ ಎಲ್ಲ ಕೇಳುತ್ತದೆ. ಅಜ್ಜಿಯನ್ನು ಬಿಟ್ಟು ಬಂದ ನೋವನ್ನು ಕೇಳುವುದಿಲ್ಲ.

ಭಾಷೆಯದ್ದೂ ಹೀಗೇ. ಗ್ವಾಟೆಮಾಲಾದ ಎಷ್ಟೋ ಮಕ್ಕಳ ಮನೆಮಾತು ಮಾಮ್ ಎಂಬ ಮಾಯಾ ಭಾಷೆ, ಸ್ಪ್ಯಾನಿಷ್ ಅಲ್ಲ. ಮನೆಯಲ್ಲಿ ತುಳು ಆಡಿ ಬೆಳೆದ ನನಗೆ ಇದು ಬೇಗ ಹೊಳೆಯಬೇಕಿತ್ತು. ಈಗ ಮೊದಲು ಮನೆಮಾತು ಕೇಳುತ್ತೇನೆ, ಬೇಕಿದ್ದರೆ ದುಭಾಷಿಯನ್ನು ಕರೆಸುತ್ತೇನೆ.

ಹುಡುಗನ ಅಮ್ಮನನ್ನೂ ಕರೆಸಿದೆ. ಎರಡು ಕಡೆ ಕ್ಲೀನಿಂಗ್ ಕೆಲಸ ಅವರಿಗೆ. 'ಇವನಿಗೋಸ್ಕರವೇ ದುಡಿದೆ, ಇವನು ನನ್ನ ಮುಖ ನೋಡಲ್ಲ' ಅಂತ ಅತ್ತರು. ಅವರ ನೋವೂ ಸಣ್ಣದಲ್ಲ. ಮೂವರೂ ಕೂತು ಅಜ್ಜಿಗೆ ಫೋನ್ ಮಾಡಿದೆವು.

ಎರಡು ತಿಂಗಳಾದ ಮೇಲೆ ಮತ್ತೆ ಪಿಎಚ್‌ಕ್ಯು ಕೊಟ್ಟೆ. 14 ಬಂತು. ನಿಜ ಹೇಳಲು ಶುರು ಮಾಡಿದ್ದ. ಸಾಯುವ ಯೋಚನೆ ಬಗ್ಗೆ ಇರುವ 9ನೇ ಪ್ರಶ್ನೆಯನ್ನು ನಾನು ಕಾಗದಕ್ಕೆ ಬಿಡುವುದಿಲ್ಲ, ಬಾಯಿಬಿಟ್ಟೇ ಕೇಳುತ್ತೇನೆ. 'ಒಮ್ಮೊಮ್ಮೆ ಬರುತ್ತೆ' ಅಂದ. ಅಂಥ ರಾತ್ರಿ ಯಾರನ್ನು ಎಬ್ಬಿಸಬೇಕು ಅಂತ ಅವತ್ತೇ ಅಮ್ಮನ ಜೊತೆ ಕೂತು ಬರೆದೆವು. ಸ್ಪ್ಯಾನಿಷ್‌ನಲ್ಲೂ ಸಿಗುವ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ರ ನಂಬರನ್ನೂ ಸೇರಿಸಿದೆವು.

ಈಗ ಭಾನುವಾರ ಅಮ್ಮ ಹೊಂಡುರಾಸ್‌ನ ತಿಂಡಿ ಬಲೆಯಾದ ಮಾಡುತ್ತಾರೆ, ಮೈದಾ ರೊಟ್ಟಿಯೊಳಗೆ ರಾಜ್ಮಾದಂಥ ಬೀನ್ಸ್ ಮಡಚಿ. ವಿಡಿಯೋ ಕಾಲ್‌ನಲ್ಲಿ ಅಜ್ಜಿ 'ಇನ್ನೂ ತೆಳ್ಳಗೆ ತಟ್ಟು' ಅನ್ನುತ್ತಿರುತ್ತಾರೆ. ಹುಡುಗ ಫೋನ್ ಹಿಡಿದು ನಿಂತಿರುತ್ತಾನೆ. ಹೋದ ವಾರ ಎರಡು ತಿಂದನಂತೆ.