ಎರೆ ಮಣ್ಣಿನ ಅಂಗಳ, ಎರಡನೇ ಗುತ್ತೇದಾರ

ಕಲಬುರಗಿಯ ನಮ್ಮ ಮನೆ ಮುಂದೆ ಕಾರು ನಿಲ್ಲಿಸೋ ಜಾಗಕ್ಕೆ ಪೇವರ್ (ನೆಲಕ್ಕೆ ಹಾಸೋ ಕಾಂಕ್ರೀಟ್ ಬ್ಲಾಕ್) ಹಾಕಿಸಿ ಒಂದೇ ಮಳೆಗಾಲ ಆಗಿತ್ತು. ಗೇಟಿನ ಹತ್ತಿರ ಬ್ಲಾಕುಗಳು ಉಬ್ಬಿದವು, ಚಕ್ರ ಓಡಾಡುವ ಕಡೆ ಕುಸಿದವು. ಹಾಕಿದವನಿಗೆ ಫೋನ್ ಮಾಡಿದರೆ "ನಾಳೆ ಬರ್ತೀನ್ರಿ ಸರ್". ಆ ನಾಳೆ ಬರಲೇ ಇಲ್ಲ.

ಈ ಸಲ ಬೇರೆ ಮೂವರು ಗುತ್ತೇದಾರರನ್ನು ಕರೆದು ಒಂದೇ ಪ್ರಶ್ನೆ ಕೇಳಿದೆ: "ಕೆಳಗೆ ಏನು ಹಾಕ್ತೀರಿ?" ಇಬ್ಬರು ಸೀದಾ ಚದರಡಿ ರೇಟಿಗೆ ಬಂದರು. ಮೂರನೆಯವರು ಮಾತಾಡದೆ ಹಾರೆ ತಗೊಂಡು ಎರಡು ಬ್ಲಾಕ್ ಎಬ್ಬಿಸಿದರು. ಕೆಳಗೆ ತೆಳ್ಳಗೆ ಮರಳು, ಅದರಡಿ ಬರೀ ಎರೆ ಮಣ್ಣು. "ಇದು ನೀರು ಕುಡಿದ್ರೆ ಉಬ್ತದ, ಬ್ಯಾಸಿಗ್ಯಾಗ ಬಿರೀತದ್ರಿ. ಬ್ಲಾಕಿನ ತಪ್ಪಲ್ಲ," ಅಂದರು. ರೇಟು ಜಾಸ್ತಿಯೇ ಇತ್ತು. ಆದರೂ ಅವರು ಹಿಂದೆ ಮಾಡಿದ ಎರಡು ಅಂಗಳ ನೋಡಿ ಬಂದು ಕೆಲಸ ಕೊಟ್ಟೆ.

ಎಲ್ಲಾ ಕಾಗದದ ಮೇಲೆ ಬರೆಸಿದೆ. ಒಂದೂವರೆ ಅಡಿ ಎರೆ ಮಣ್ಣು ತೆಗೆದು, ಮೊರಂ (ಗರಸು ಮಣ್ಣು) ತುಂಬಿ, ಪದರ ಪದರಕ್ಕೂ ನೀರು ಹಾಕಿ ಕುಟ್ಟಬೇಕು. ಮೇಲೆ ಜಲ್ಲಿ, ಒಂದೂವರೆ ಇಂಚು ಮರಳು, 80 ಮಿ.ಮೀ. ಬ್ಲಾಕ್. ಅಂಚಿಗೆ ಕಾಂಕ್ರೀಟ್ ಕಟ್ಟೆ, ರಸ್ತೆ ಕಡೆ ಇಳಿಜಾರು. ಮುಂಗಡ ಕಾಲು ಭಾಗ ಮಾತ್ರ. ಕೊನೆಯ ಕಂತು ಒಂದು ದೊಡ್ಡ ಮಳೆ ಬಿದ್ದ ಮೇಲೆ ಅಂದೆ. ಅವರು ನಕ್ಕು ಒಪ್ಪಿದರು.

ಜುಲೈನಲ್ಲಿ ಜೋರು ಮಳೆ ಬಂತು. ಕೊಡೆ ಹಿಡಿದು ಗೇಟಿನ ಹತ್ತಿರ ನಿಂತು ನೋಡಿದೆ, ನೀರು ಸರಸರ ರಸ್ತೆಗೆ ಇಳಿಯಿತು. ಮರುದಿನವೇ ದುಡ್ಡು ಕೊಟ್ಟೆ.