ಜೇನು ದೊಡ್ಡವನಿಗೆ, ಉಪ್ಪುನೀರು ಪಾಪುಗೆ

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ. ಕಳೆದ ಮಳೆಗಾಲ ಮಗಳು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಮೊಮ್ಮಗನಿಗೆ ನಾಲ್ಕು ವರ್ಷ, ಪಾಪುಗೆ ಎಂಟು ತಿಂಗಳು. ಇಬ್ಬರಿಗೂ ಒಟ್ಟಿಗೇ ಮೂಗು ಸೋರಲು ಶುರುವಾಯಿತು. ಆದರೆ ಇಬ್ಬರಿಗೂ ಒಂದೇ ಮದ್ದು ಮಾಡುವ ಹಾಗಿಲ್ಲ.

ದೊಡ್ಡವನಿಗೆ ದೊಡ್ಡಪತ್ರೆ. ಹಿತ್ತಲಿಂದ ಎರಡು ಎಲೆ ಕಿತ್ತು ತೊಳೆದು, ಕಾದ ಕಾವಲಿಯ ಮೇಲೆ ಬಾಡಿಸಿ. ಎಲೆ ಮೆತ್ತಗಾಗಿ ಹಸಿರು ಮಾಸಿದ ಮೇಲೆ ಹಿಂಡಿ. ಹಸಿ ಎಲೆಯಲ್ಲಿ ಘಾಟು ಜಾಸ್ತಿ, ಮಗು ಉಗಿದುಬಿಡುತ್ತದೆ. ಅರ್ಧ ಚಮಚ ರಸಕ್ಕೆ ಅರ್ಧ ಚಮಚ ಜೇನು ಕಲಸಿ, ಮಲಗುವ ಮುಂಚೆ ನೆಕ್ಕಿಸಿ. ರಾತ್ರಿಯ ಕೆಮ್ಮು ತಗ್ಗಿಸುವುದರಲ್ಲಿ ಜೇನಿನ ಪಾಲೇ ದೊಡ್ಡದು. ಎಲೆ ಸಿಗದಿದ್ದರೆ ಬರೀ ಜೇನೂ ಸಾಕು. ಊಟಕ್ಕೆ ಮೆತ್ತಗಿನ ಅನ್ನ, ಬಿಸಿ ಸಾರು.

ಪಾಪುಗೆ ಮಾತ್ರ ಜೇನು ಬೇಡವೇ ಬೇಡ. ವರ್ಷ ತುಂಬುವ ತನಕ ಒಂದು ತೊಟ್ಟೂ ಬೇಡ. ಅದರಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಸೂಕ್ಷ್ಮಾಣು ಇರಬಹುದು, ಎಳೆ ಕರುಳು ಅದನ್ನು ತಡೆಯಲಾರದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು ನಮ್ಮಲ್ಲಿ ರೂಢಿ, ಅಲ್ವಾ? ನನ್ನ ಮಗಳಿಗೆ ನಾನೂ ಸವರಿದ್ದೆ. ಗೊತ್ತಾದ ಮೇಲೆ ಮೊಮ್ಮಕ್ಕಳಿಗೆ ಸವರಲಿಲ್ಲ.

ಪಾಪುಗೆ ಬೇಕಾದದ್ದು ಮೂಗು ಬಿಡುವುದು. ಮೂಗು ಕಟ್ಟಿದರೆ ಹಾಲು ಚೀಪಲು ಆಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಉಪ್ಪುನೀರಿನ ಹನಿ ಸಿಗುತ್ತದೆ, ಸಲೈನ್ ಎಂದು ಕೇಳಿ. ಹಾಲು ಕುಡಿಸುವ ಮುಂಚೆ ಪ್ರತಿ ಹೊಳ್ಳೆಗೆ ಒಂದೆರಡು ಹನಿ ಬಿಡಿ. ಒಂದು ನಿಮಿಷ ಬಿಟ್ಟು ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಎದೆಹಾಲು ಸ್ವಲ್ಪ ಸ್ವಲ್ಪವೇ, ಪದೇ ಪದೇ ಕೊಡಿ.

ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚುವುದೂ ಬೇಡ. ಕರ್ಪೂರ ಎಳೆ ಮಕ್ಕಳಿಗೆ ಫಿಟ್ಸ್ ತರಬಲ್ಲದು. ಸಾಂಬ್ರಾಣಿ ಹೊಗೆ ಕೆಮ್ಮನ್ನು ಕೆರಳಿಸುತ್ತದೆ. ಕುದಿಯುವ ನೀರಿನ ಪಾತ್ರೆ ಮಕ್ಕಳ ಹತ್ತಿರ ಇಡಲೇಬೇಡಿ. ಹಬೆಯಿಂದ ಆಗುವ ಲಾಭಕ್ಕಿಂತ ಸುಟ್ಟುಕೊಳ್ಳುವ ಭಯ ದೊಡ್ಡದು. ಕೆಮ್ಮಿನ ಸಿರಪ್ಪನ್ನು ನೀವೇ ತಂದು ಕುಡಿಸಬೇಡಿ. 2 ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು ಎಂದು ಕೇಂದ್ರ ಸರ್ಕಾರವೇ 2025ರ ಅಕ್ಟೋಬರಿನಲ್ಲಿ ಹೇಳಿದೆ.

ಇದೆಲ್ಲ ಮಾಡಿದರೂ ನೆಗಡಿ ತನ್ನ ದಿನ ಮುಗಿಸಿಯೇ ಹೋಗುವುದು. ವಾರ, ಹತ್ತು ದಿನ. ಕೆಮ್ಮು ಇನ್ನೂ ಸ್ವಲ್ಪ ದಿನ ಉಳಿಯಬಹುದು. ಅಷ್ಟೂ ದಿನ ನೀವು ನೋಡಬೇಕಾದದ್ದು ಉಸಿರು. ಮಗು ನಿದ್ದೆಯಲ್ಲಿದ್ದಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು. ಎರಡು ತಿಂಗಳೊಳಗಿನ ಮಗುವಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40. ಅಷ್ಟಾದರೆ ಅಥವಾ ದಾಟಿದರೆ ವೈದ್ಯರಲ್ಲಿಗೆ ಹೋಗಿ. ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ ಎಣಿಸುತ್ತಾ ಕೂರಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೂ ಕಾಯಬೇಡಿ.

ಮೂರನೇ ರಾತ್ರಿ ಪಾಪುವಿನ ಲೆಕ್ಕ 54 ಬಂತು. ಮಗಳು ಇನ್ನೊಮ್ಮೆ ಎಣಿಸಿದಳು, 55. ಕಷಾಯದ ಪಾತ್ರೆ ಒಲೆಯಿಂದ ಇಳಿಸಿ, ಕಂಬಳಿ ಸುತ್ತಿಕೊಂಡು, ಆ ಮಳೆಯಲ್ಲೇ ಪೇಟೆಗೆ ಹೊರಟೆವು.