ಲೈಟು ಕೊಳ್ಳೋ ಮುಂಚೆ ಕಿಟಕಿ ನೋಡಿ
ಹೊಸದಾಗಿ ಕ್ಯಾಮೆರಾ ಹಿಡಿದವರು ಈಗಲೇ ಸಾಫ್ಟ್‌ಬಾಕ್ಸ್‌ಗೆ (ಬೆಳಕನ್ನು ಮೆದುವಾಗಿಸೋ ಬಟ್ಟೆ ಹೊದಿಸಿದ ಲೈಟಿಗೆ) ದುಡ್ಡು ಸುರಿಯಬೇಡಿ. ನೇರ ಬಿಸಿಲು ಬೀಳದ ಒಂದು ಕಿಟಕಿ ಸಾಕು. ಮನೆಯವರನ್ನು ಕಿಟಕಿಗೆ ಪಕ್ಕವಾಗಿ ಕೂರಿಸಿ, ಕೋಣೆಯ ಬಲ್ಬು ಆರಿಸಿ. ಹಳದಿ ಬಲ್ಬಿನ ಬೆಳಕೂ ಬೆರೆತರೆ ಅರ್ಧ ಮುಖ ಅರಿಶಿನ ಹಚ್ಚಿದ ಹಾಗೆ ಕಾಣುತ್ತೆ, ಆಮೇಲೆ ಎಡಿಟ್ ಮಾಡೋದು ತಲೆನೋವು. ನೆರಳಿನ ಕೆನ್ನೆ ತೀರಾ ಕಪ್ಪಾದರೆ ಆ ಕಡೆ ಬಿಳಿ ಥರ್ಮಾಕೋಲ್ ಹಿಡಿಯಿರಿ. ಒಗೆದ ಪಂಚೆಯಾದರೂ ನಡೆಯುತ್ತೆ.

ಇನ್ನೊಂದು ಪ್ರಯೋಗ: ಕ್ಯಾಮೆರಾ ಮ್ಯಾನುಯಲ್‌ನಲ್ಲಿಟ್ಟು (ಸೆಟ್ಟಿಂಗ್ ನಾವೇ ಇಡೋ ಮೋಡ್), ರಾತ್ರಿ ಒಂದೇ ಬಲ್ಬಿನಿಂದ 1 ಮೀಟರ್, ಆಮೇಲೆ 2 ಮೀಟರ್ ದೂರದಲ್ಲಿ ಮುಖದ ಫೋಟೊ ತೆಗೆಯಿರಿ. ದೂರ ಇಮ್ಮಡಿಯಾದರೆ ಬೆಳಕು ಹೆಚ್ಚುಕಮ್ಮಿ ಕಾಲುಭಾಗಕ್ಕೆ, ಅಂದರೆ 2 ಸ್ಟಾಪ್ ಇಳಿಯುತ್ತೆ (ಬೆಳಕು ಅರ್ಧಕ್ಕಿಳಿದರೆ ಒಂದು ಸ್ಟಾಪ್). ಗೋಡೆಗಳು ಬಿಳಿಯಿದ್ದರೆ ಅಷ್ಟು ಇಳಿಯಲ್ಲ, ಅವೂ ಬೆಳಕು ವಾಪಸ್ ಎರಚುತ್ತವೆ. ಆಟೋ ಐಎಸ್‌ಒ ಮಾತ್ರ ಆಫ್ ಇರಲಿ, ಇಲ್ಲದಿದ್ದರೆ ಬೆಳಕು ಕಮ್ಮಿಯಾದಾಗ ಕ್ಯಾಮೆರಾ ತಾನೇ ಫೋಟೊ ಬೆಳಗಿಸಿಬಿಡುತ್ತೆ, ವ್ಯತ್ಯಾಸವೇ ಕಾಣಲ್ಲ.